ಡ್ರೋನ್ ಬಿದ್ದಾಗ: ವಾರಂಟಿ ಕೇಳುವ ಮುನ್ನ ಜೋಪಾನ ಮಾಡಬೇಕಾದ ಸಾಕ್ಷಿ

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಪುತ್ತೂರು ದಾಟಿ ಸುಳ್ಯದ ಕಡೆಗೆ ಹೊರಟರೆ ಸಿಗುವ ಕವಲು ಪೇಟೆ ಕುಂಬ್ರ. ಬೆಳ್ಳಾರೆಯ ದಾರಿ ಇಲ್ಲಿಂದಲೇ ಒಡೆಯುತ್ತದೆ. ಪೇಟೆ ಬಿಟ್ಟು ನಾಲ್ಕು ಹೆಜ್ಜೆ ಹೋದರೆ ತಗ್ಗಿನಲ್ಲಿ ಅಡಿಕೆ ತೋಟ, ಏರಿನಲ್ಲಿ ರಬ್ಬರು, ಗೇರು, ಅದರಾಚೆ ಗುಡ್ಡೆ. ಮೇಲಿನಿಂದ ನೋಡಲು ಎಷ್ಟು ಚಂದವೋ, ಬಿದ್ದ ವಸ್ತುವನ್ನು ಹುಡುಕಲು ಅಷ್ಟೇ ಕಷ್ಟದ ಜಾಗ.

ಒಂದು ಡಿಸೆಂಬರ್ ಬೆಳಿಗ್ಗೆ ಮಂಜು ಕರಗಿದ ಮೇಲೆ ನನ್ನ ಡ್ರೋನ್ ಅಲ್ಲಿ ಹಾರುತ್ತಿತ್ತು. ಗಾಳಿ ಇರಲಿಲ್ಲ, ಬ್ಯಾಟರಿ ಅರ್ಧಕ್ಕಿಂತ ಹೆಚ್ಚಿತ್ತು. ಸುಮಾರು 60 ಮೀಟರ್ ಎತ್ತರದಲ್ಲಿ ಅದರ ಗುಂಯ್‌ಗುಡುವ ಸದ್ದು ತಟ್ಟನೆ ಬದಲಾಯಿತು. ಒಂದು ಮೂಲೆ ತಗ್ಗಿತು, ಎರಡು ಸುತ್ತು ಗಿರ್ರನೆ ತಿರುಗಿತು, ಆಮೇಲೆ ಕಲ್ಲು ಬಿದ್ದಂತೆ ತೋಟದೊಳಗೆ ಇಳಿಯಿತು. ಪರದೆಯಲ್ಲಿ ಕೊನೆಗೆ ಕಂಡದ್ದು ಅಡಿಕೆ ಸೋಗೆಯ ಹಸಿರು. ಸಿಕ್ಕಿದ್ದು ಮರುದಿನ, ಒಂದು ಅಡಿಕೆ ಮರದ ತುದಿಯಲ್ಲಿ. ಅಡಿಕೆ ಕೊಯ್ಯಲು, ಮದ್ದು ಬಿಡಲು ಈಗ ನಮ್ಮ ಕಡೆ ಮನೆಮನೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯೇ ಅದನ್ನು ಕೆಳಗಿಳಿಸಿತು. ಒಬ್ಬರು ದೋಟಿಯಿಂದ ಮೆಲ್ಲಗೆ ಎತ್ತಿ ಬಿಡಿಸಿದರು, ಇಬ್ಬರು ಕೆಳಗೆ ಬೆಡ್‌ಶೀಟ್ ಹಿಡಿದು ನಿಂತರು.

ವಾರಂಟಿ ಕೇಳಿದಾಗ ತಯಾರಕರ ಮೊದಲ ಉತ್ತರ ಒಂದೇ ಸಾಲಿನದು: ‘ಅಪಘಾತದಿಂದ ಆದ ಹಾನಿ, ವಾರಂಟಿ ಅನ್ವಯಿಸುವುದಿಲ್ಲ.’ ಎರಡನೆಯ ಉತ್ತರ ಬರಲು ಒಂದೂವರೆ ತಿಂಗಳು ಬೇಕಾಯಿತು. ಅದರಲ್ಲಿ ಮೋಟಾರು ನಿಯಂತ್ರಕದ ದೋಷವನ್ನು ಒಪ್ಪಿಕೊಂಡು ಬದಲಿ ಯಂತ್ರ ಕೊಡುವುದಾಗಿ ತಿಳಿಸಿದ್ದರು. ಈ ಎರಡು ಉತ್ತರಗಳ ನಡುವೆ ನಾನು ಜಗಳ ಮಾಡಿರಲಿಲ್ಲ. ಹಾರಾಟದ ದಾಖಲೆ, ಅಂದರೆ ಫ್ಲೈಟ್ ಲಾಗ್, ಅವರ ಮುಂದಿಟ್ಟಿದ್ದೆ, ಅಷ್ಟೇ. ಡ್ರೋನ್ ಕಳೆದುಕೊಂಡವರಿಗೆ ಹೇಳಬೇಕಾದ ಮುಖ್ಯ ಮಾತೂ ಇದೇ. ವಾರಂಟಿಯ ಹಕ್ಕು ಕಾರ್ಡಿನಲ್ಲಿ ಬರೆದಿರುತ್ತದೆ, ಆದರೆ ಅದನ್ನು ಗೆಲ್ಲಿಸಿಕೊಡುವುದು ಲಾಗ್.

ವಾರಂಟಿ ಬೇರೆ, ವಿಮೆ ಬೇರೆ

ಹೆಚ್ಚಿನವರು ಎಡವುವುದು ಇಲ್ಲೇ. ವಾರಂಟಿ ಎಂದರೆ ತಯಾರಿಕೆಯ ದೋಷಕ್ಕೆ ತಯಾರಕ ಕೊಟ್ಟ ಮಾತು. ನಾವು ಮರಕ್ಕೆ ಗುದ್ದಿದರೆ, ಕೆರೆಗೆ ಬೀಳಿಸಿದರೆ ಅದು ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ. ಅಂಥದ್ದಕ್ಕೆ ವಿಮೆ ಬೇಕು, ಇಲ್ಲವೇ ಕೆಲವು ಕಂಪೆನಿಗಳು ಹೆಚ್ಚುವರಿ ಹಣಕ್ಕೆ ಕೊಡುವ ಅಪಘಾತ ರಕ್ಷಣೆಯ ಯೋಜನೆ ಬೇಕು. ಡಿಜೆಐ ಕಂಪೆನಿಯ ಕೇರ್ ರಿಫ್ರೆಶ್ ಇಂಥದ್ದು. ಅದರಲ್ಲಿ ಹಾರಿಹೋಗಿ ಕಾಣೆಯಾದ ಡ್ರೋನಿಗೂ ಷರತ್ತಿನ ಮೇಲೆ ಬದಲಿ ಸಿಗುವ ವ್ಯವಸ್ಥೆ ಇದೆ. ಬರೀ ವಾರಂಟಿ ಇದ್ದರೆ ಯಂತ್ರವನ್ನೇ ಕಳಿಸಿಕೊಡಬೇಕಾಗುತ್ತದೆ. ಹಾಗಾಗಿ ಡ್ರೋನ್ ಸಿಗದೆ ಹೋದರೆ ಕೆಲಸ ಬಹಳ ಬಿಗಿಯಾಗುತ್ತದೆ.

ಬಿದ್ದ ಡ್ರೋನ್ ಹೇಗೂ ಒಡೆದಿರುತ್ತದೆ. ನೋಡಿದವರಿಗೆ ಅದು ಅಪಘಾತದಂತೆಯೇ ಕಾಣುತ್ತದೆ. ದೋಷದಿಂದ ಬಿತ್ತೋ, ಬಿದ್ದದ್ದರಿಂದ ದೋಷವಾಯಿತೋ ಎಂಬುದೇ ಇಡೀ ವ್ಯಾಜ್ಯದ ತಿರುಳು. ಒಡೆದ ಚೂರುಗಳನ್ನು ನೋಡಿ ಇದನ್ನು ಹೇಳಲಾಗದು. ಬೀಳುವ ಮುನ್ನಿನ ಕೆಲವು ಸೆಕೆಂಡುಗಳ ಲೆಕ್ಕದಿಂದ ಹೇಳಬಹುದು.

ಯಂತ್ರ ಕೈಕೊಡುವುದು ಹೇಗೆ?

ಆಕಾಶದಲ್ಲಿ ಯಂತ್ರ ಕೈಕೊಡುವುದು ಹವ್ಯಾಸಿಗಳಿಗೆ ಮಾತ್ರ ಬರುವ ಕಷ್ಟವಲ್ಲ. 2023ರ ಆಗಸ್ಟ್ 20ರಂದು ಡಿಆರ್‌ಡಿಒದ ‘ತಪಸ್’ ಮಾನವರಹಿತ ವಿಮಾನ ಪರೀಕ್ಷಾ ಹಾರಾಟದ ನಡುವೆ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. 2019ರ ಸೆಪ್ಟೆಂಬರಿನಲ್ಲಿ ಅದೇ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ ‘ರುಸ್ತುಂ–2’ ಬಿದ್ದಿತ್ತು. ದೊಡ್ಡ ಸಂಸ್ಥೆಗಳು ಇಂಥ ಘಟನೆಯಾದ ಕೂಡಲೇ ಅವಶೇಷ ಮತ್ತು ಹಾರಾಟದ ದತ್ತಾಂಶ ಎರಡನ್ನೂ ವಶಕ್ಕೆ ತೆಗೆದುಕೊಂಡು ತನಿಖೆಗೆ ಕೂರುತ್ತವೆ. ಹವ್ಯಾಸಿ ಮಾಡಬೇಕಾದದ್ದೂ ಅದೇ ಕೆಲಸ, ಸಣ್ಣ ಪ್ರಮಾಣದಲ್ಲಿ.

ಕೈಕೊಡುವುದರಲ್ಲಿ ಮೊದಲನೆಯದು ಮೋಟಾರು. ನಾಲ್ಕು ರೆಕ್ಕೆಯ ಡ್ರೋನಿನಲ್ಲಿ ಒಂದು ಮೋಟಾರು ನಿಂತರೆ ಮುಗಿಯಿತು, ಉಳಿದ ಮೂರು ಸಮತೋಲ ಕಾಯಲಾರವು. ಹಾಗೆ ನಿಲ್ಲಲು ಮೋಟಾರೇ ಕಾರಣವಾಗಿರಬೇಕೆಂದಿಲ್ಲ. ಅದಕ್ಕೆ ವಿದ್ಯುತ್ ಹರಿಸುವ ನಿಯಂತ್ರಕ ಸುಟ್ಟಿರಬಹುದು, ಬೆಸುಗೆ ಬಿಟ್ಟಿರಬಹುದು. ಲಾಗ್‌ನಲ್ಲಿ ಇದರ ಗುರುತು ಸ್ಪಷ್ಟ. ಒಂದು ಮೋಟಾರು ಸೋತಾಗ ಆ ಮೂಲೆಯನ್ನು ಎತ್ತಲು ಡ್ರೋನಿನ ಕಂಪ್ಯೂಟರ್ ಅದಕ್ಕೆ ಪೂರ್ಣ ಶಕ್ತಿಯ ಆದೇಶ ಕೊಡುತ್ತದೆ, ಅದರ ಎದುರು ಮೂಲೆಯ ಮೋಟಾರನ್ನು ತಗ್ಗಿಸುತ್ತದೆ. ನಾವು ಕೇಳಿದ ಓರೆ ಸೊನ್ನೆ ಇದ್ದರೂ ಡ್ರೋನಿನ ನಿಜವಾದ ಓರೆ ಒಮ್ಮೆಲೇ ಏರುತ್ತದೆ. ನನ್ನ ಡ್ರೋನಿನ ಲಾಗ್ ತೆರೆದಾಗ ಕಂಡದ್ದು ಇದೇ ಚಿತ್ರ. ಮುಂದಿನ ಬಲ ಮೋಟಾರಿನ ಗೆರೆ ನೆಟ್ಟಗೆ ಮೇಲಕ್ಕೆ, ಹಿಂದಿನ ಎಡದ್ದು ನೆಟ್ಟಗೆ ಕೆಳಕ್ಕೆ. ನನ್ನ ಬೆರಳುಗಳು ಆ ಹೊತ್ತಿನಲ್ಲಿ ರಿಮೋಟಿನ ಕಡ್ಡಿಗಳನ್ನು ಅಲುಗಿಸಿಯೇ ಇರಲಿಲ್ಲ. ಅದೂ ಅಲ್ಲೇ ದಾಖಲಾಗಿತ್ತು.

ಎರಡನೆಯದು ಬ್ಯಾಟರಿ. ಲಿಥಿಯಂ ಪಾಲಿಮರ್ ಕೋಶವೊಂದು ತುಂಬಿದಾಗ 4.2 ವೋಲ್ಟ್, ಸಾಮಾನ್ಯವಾಗಿ 3.7ರ ಆಸುಪಾಸು. ಒಂದು ಕೋಶ ಮಾತ್ರ ಉಳಿದವಕ್ಕಿಂತ ಬೇಗ ಕುಸಿದಿದ್ದರೆ ಆ ಕೋಶದಲ್ಲಿ ದೋಷವಿದೆ ಎಂದು ಅನುಮಾನಿಸಬಹುದು. ಎತ್ತರದಲ್ಲಿರುವಾಗಲೇ ಡ್ರೋನಿನೊಳಗಿನ ಲಾಗ್ ಥಟ್ಟನೆ ನಿಂತಿದ್ದರೆ ವಿದ್ಯುತ್ ಪೂರ್ತಿ ಕಡಿದಿದೆ ಎಂದರ್ಥ. ಫೋನಿನಲ್ಲಿರುವ ಲಾಗ್ ಮಾತ್ರ ನಿಂತಿದ್ದರೆ ಅದು ಬರೀ ಸಿಗ್ನಲ್ ತಪ್ಪಿದ್ದೂ ಇರಬಹುದು. ಇವೆರಡನ್ನೂ ಬೆರೆಸಬಾರದು.

ಮೂರನೆಯದು ದಿಕ್ಸೂಚಿ ಮತ್ತು ಜಿಪಿಎಸ್. ಮನೆಯ ಆರ್‌ಸಿಸಿ ತಾರಸಿಯ ಒಳಗೆ ಕಬ್ಬಿಣವಿರುತ್ತದೆ, ಅಂಗಳದ ತಗಡಿನ ಚಪ್ಪರವೂ ಕಬ್ಬಿಣವೇ. ಅಲ್ಲಿಂದ ಎಬ್ಬಿಸಿದರೆ ದಿಕ್ಸೂಚಿ ತಪ್ಪು ಹೇಳಬಹುದು. ಆಗ ಡ್ರೋನ್ ಒಂದೆಡೆ ನಿಲ್ಲದೆ ಸುತ್ತು ಹೊಡೆಯುತ್ತ ದೂರ ಸರಿಯುತ್ತದೆ. ಇದನ್ನು ತಯಾರಕರು ಬಳಕೆದಾರನ ತಪ್ಪೆಂದೇ ಹೇಳುತ್ತಾರೆ.

ನಮ್ಮ ಗುಡ್ಡೆ–ತಗ್ಗಿನ ನಾಡಿಗೆ ವಿಶೇಷವಾದ ಇನ್ನೊಂದು ಅಪಾಯವಿದೆ. ಸಿಗ್ನಲ್ ತಪ್ಪಿದಾಗ ಡ್ರೋನ್ ತಾನಾಗಿ ಮರಳುವ ಎತ್ತರವನ್ನು ನಾವು ಮೊದಲೇ ಹೊಂದಿಸಿರುತ್ತೇವೆ. ಆ ಎತ್ತರದ ಲೆಕ್ಕ ಶುರುವಾಗುವುದು ಎಬ್ಬಿಸಿದ ಜಾಗದಿಂದ. ತಗ್ಗಿನ ತೋಟದಲ್ಲಿ ನಿಂತು 30 ಮೀಟರ್ ಎಂದು ಹೊಂದಿಸಿ ಗುಡ್ಡೆಯ ಹಿಂದಕ್ಕೆ ಕಳಿಸಿದರೆ, ಮರಳುವಾಗ ಅದು ಗುಡ್ಡೆಯ ಮರಗಳಿಗೇ ಹೋಗಿ ಬಡಿಯುತ್ತದೆ. ಯಂತ್ರ ಸರಿಯಾಗಿಯೇ ಕೆಲಸ ಮಾಡಿರುವುದರಿಂದ ಇದಕ್ಕೆ ವಾರಂಟಿ ಸಿಗುವುದಿಲ್ಲ. ಸುತ್ತಲಿನ ಅತಿ ಎತ್ತರದ ಮರದ ತುದಿಯನ್ನು ಗುಡ್ಡೆ ಸಮೇತ ಅಂದಾಜು ಮಾಡಿ, ಅದಕ್ಕೂ ಮೇಲೆ ಹೊಂದಿಸಬೇಕು.

ಮೊದಲ ಒಂದು ಗಂಟೆ

ಡ್ರೋನ್ ಬಿದ್ದ ಕೂಡಲೇ ಓಡಬೇಡಿ. ಮೊದಲು ಪರದೆಯ ಮೇಲಿರುವ ಕೊನೆಯ ಸ್ಥಳ, ಎತ್ತರ, ವೇಗ, ದಿಕ್ಕಿನ ಸ್ಕ್ರೀನ್‌ಶಾಟ್ ತೆಗೆಯಿರಿ. ಆ್ಯಪ್ ಮುಚ್ಚಬೇಡಿ, ರಿಮೋಟ್ ಆರಿಸಬೇಡಿ. ಆ್ಯಪ್ ಅಪ್‌ಡೇಟ್ ಕೇಳಿದರೆ ಬೇಡ ಎನ್ನಿ. ಅಪ್‌ಡೇಟಿನಲ್ಲಿ, ಮರುಸ್ಥಾಪನೆಯಲ್ಲಿ ಲಾಗ್ ಅಳಿದುಹೋದರೆ ಮರಳಿ ಬರುವುದಿಲ್ಲ.

ಹುಡುಕಾಟಕ್ಕೆ ಒಂದು ಸರಳ ಲೆಕ್ಕ ನೆರವಾಗುತ್ತದೆ. 80 ಮೀಟರ್ ಎತ್ತರದಿಂದ ಬೀಳಲು 4 ಸೆಕೆಂಡಿಗೆ ಸ್ವಲ್ಪ ಹೆಚ್ಚು ಬೇಕು. ಆಗ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತಿದ್ದರೆ ಕೊನೆಯ ಬಿಂದುವಿನಿಂದ ಅದೇ ದಿಕ್ಕಿನಲ್ಲಿ ಸುಮಾರು 40 ಮೀಟರ್ ಒಳಗೆ ಬಿದ್ದಿರುತ್ತದೆ. ಅಡಿಕೆ ತೋಟದಲ್ಲಿ ನೆಲ ನೋಡುವ ಮುನ್ನ ಮರದ ತಲೆ ನೋಡಿ. ಸೋಗೆಯ ನಡುವೆ ಸಿಕ್ಕಿಕೊಳ್ಳುವುದೇ ಹೆಚ್ಚು. ಬ್ಯಾಟರಿ ಜೀವಂತವಿದ್ದರೆ ಹಲವು ಆ್ಯಪ್‌ಗಳಲ್ಲಿ ಡ್ರೋನನ್ನು ಬೀಪ್ ಎನ್ನಿಸುವ, ದೀಪ ಮಿನುಗಿಸುವ ಸೌಲಭ್ಯವಿದೆ. ಸಂಜೆಗತ್ತಲಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಇನ್ನೊಬ್ಬರ ತೋಟಕ್ಕೆ ಇಳಿಯುವ ಮೊದಲು ಮನೆಯವರನ್ನು ಕೇಳಿ. ತೋಟದ ಒಳಹೊರಗು ಬಲ್ಲವರು ಅವರೇ, ದೋಟಿ ಇರುವುದೂ ಅವರ ಮನೆಯಲ್ಲೇ. ವಿದ್ಯುತ್ ತಂತಿಯ ಮೇಲೆ ಸಿಕ್ಕಿಕೊಂಡಿದ್ದರೆ ಮಾತ್ರ ದೋಟಿ, ಗಳ ಯಾವುದನ್ನೂ ಹಚ್ಚಬೇಡಿ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಮೆಸ್ಕಾಂಗೆ ಫೋನ್ ಮಾಡಿ, ಲೈನ್‌ಮನ್ ಬರುವ ತನಕ ದೂರ ನಿಲ್ಲಿ. ಜೀವಕ್ಕಿಂತ ದೊಡ್ಡದು ಯಾವ ಡ್ರೋನೂ ಅಲ್ಲ.

ಸಿಕ್ಕಿದ ಮೇಲೆ ಮುಟ್ಟುವ ಮೊದಲು ಬಿದ್ದ ಸ್ಥಿತಿಯಲ್ಲೇ ಫೋಟೊ, ವಿಡಿಯೊ ಮಾಡಿ. ತಿರುಪು ಬಿಚ್ಚಬೇಡಿ, ಪೇಟೆಯ ಮೊಬೈಲ್ ಅಂಗಡಿಗೆ ಒಯ್ದು ಬಿಚ್ಚಿಸಲೂ ಬೇಡಿ. ಸೀಲ್ ಮುರಿದರೆ ವಾರಂಟಿ ನಿರಾಕರಿಸಲು ತಯಾರಕರಿಗೆ ಒಳ್ಳೆಯ ಕಾರಣ ಸಿಕ್ಕಂತೆ. ಉಬ್ಬಿದ, ನಜ್ಜುಗುಜ್ಜಾದ ಬ್ಯಾಟರಿ ಗಂಟೆಗಳ ನಂತರವೂ ಹೊತ್ತಿಕೊಳ್ಳಬಹುದು. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಬಳಿಯಾಗಲಿ, ಹಾಳೆ–ಸೋಗೆ ರಾಶಿಯ ಬಳಿಯಾಗಲಿ ಇಡದೆ, ಬಯಲಿನಲ್ಲಿ ಮರಳು ತುಂಬಿದ ಮಣ್ಣಿನ ಪಾತ್ರೆಯಲ್ಲಿಡಿ.

ಅದೇ ದಿನ ಲಾಗ್ ಕಡತಗಳನ್ನು ಫೋನಿನಿಂದ, ಸಾಧ್ಯವಾದರೆ ಡ್ರೋನಿನ ಮೆಮೊರಿ ಕಾರ್ಡಿನಿಂದ ನಕಲು ಮಾಡಿ ಎರಡು ಕಡೆ ಇಡಿ. ಮೂಲ ಕಡತವನ್ನು ತಿದ್ದಬೇಡಿ, ಹೆಸರನ್ನೂ ಬದಲಿಸಬೇಡಿ. ಮುಂದೆ ಗ್ರಾಹಕ ಆಯೋಗದ ಮೆಟ್ಟಿಲೇರುವುದಾದರೆ ಡಿಜಿಟಲ್ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸುವುದು ಒಳ್ಳೆಯದು.

ಕಾನೂನಿನ ಲೆಕ್ಕ ಚುಕ್ತಾ ಇರಲಿ

ನಮ್ಮ ಹಾರಾಟವೇ ನಿಯಮಬಾಹಿರವಾಗಿದ್ದರೆ ತಯಾರಕರು ಮೊದಲು ಬೊಟ್ಟು ಮಾಡುವುದು ಅಲ್ಲಿಗೇ. 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕಿಲೊವರೆಗಿನದು ಮೈಕ್ರೊ. ವ್ಯಾಪಾರಕ್ಕಲ್ಲದೆ ಹವ್ಯಾಸಕ್ಕೆ ಮೈಕ್ರೊ ಡ್ರೋನ್ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಡ್ರೋನಿಗೆ ಯುಐಎನ್ ಎಂಬ ನೋಂದಣಿ ಸಂಖ್ಯೆ ಬೇಕು, ಮೂರನೆಯವರ ನಷ್ಟಕ್ಕೆ ವಿಮೆ ಬೇಕು. ನ್ಯಾನೊಗೆ ಆ ವಿಮೆಯಿಂದ ವಿನಾಯಿತಿ ಇದೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಮುಂಗಡ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಸುತ್ತಲಿನ ಹಳದಿ ವಲಯ 12 ಕಿಲೋಮೀಟರ್‌ವರೆಗೆ ಮಾತ್ರ. ಹೀಗಾಗಿ ಬಜ್ಪೆಯ ನಿಲ್ದಾಣದ ನಿರ್ಬಂಧ ಕುಂಬ್ರದವರೆಗೆ ಬರುವುದಿಲ್ಲ. ಆದರೂ ಪ್ರತಿ ಸಲ ಈ ವಲಯಗಳನ್ನು ತೋರಿಸುವ ಡಿಜಿಟಲ್ ಸ್ಕೈ ನಕಾಶೆ ನೋಡಿಯೇ ಹಾರಿಸಿ. ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯ ಅಧಿಕಾರಿ 96 ಗಂಟೆಗಳವರೆಗೆ ಒಂದು ಜಾಗವನ್ನು ತಾತ್ಕಾಲಿಕ ಕೆಂಪು ವಲಯವೆಂದು ಸಾರಬಹುದು. ಏಪ್ರಿಲಿನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯಂಥ ದೊಡ್ಡ ಜನಸಂದಣಿಯ ದಿನಗಳಲ್ಲಿ ಇದನ್ನು ವಿಚಾರಿಸಿಕೊಳ್ಳುವುದು ಅಗತ್ಯ.

ಡ್ರೋನ್ ಅಪಘಾತವನ್ನು 48 ಗಂಟೆಯೊಳಗೆ ಆನ್‌ಲೈನಿನಲ್ಲಿ ವರದಿ ಮಾಡಬೇಕೆಂದು ನಿಯಮ ಹೇಳುತ್ತದೆ. ಆ ವರದಿಯ ಪ್ರತಿ ನಿಮ್ಮ ಸಾಚಾತನಕ್ಕೂ ಸಾಕ್ಷಿ. ಎಷ್ಟು ಹುಡುಕಿದರೂ ಸಿಗದಿದ್ದರೆ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ಕುಂಬ್ರದವರಿಗೆ ಅದು ಸಂಪ್ಯದಲ್ಲಿರುವ ಪುತ್ತೂರು ಗ್ರಾಮಾಂತರ ಠಾಣೆ. ಶಾಶ್ವತವಾಗಿ ಕಳೆದ ಡ್ರೋನಿನ ನೋಂದಣಿಯನ್ನೂ ರದ್ದು ಮಾಡಿಸಿ. ನಿಮ್ಮ ಸಂಖ್ಯೆಯ ಡ್ರೋನ್ ನಾಳೆ ಇನ್ನೊಬ್ಬರ ಕೈ ಸೇರಿದರೆ ಉತ್ತರ ಕೊಡಬೇಕಾದವರು ನೀವೇ.

ಗಲ್ಫ್‌ನಿಂದ ಬಂದ ಡ್ರೋನ್

ಪುತ್ತೂರು, ಸುಳ್ಯ, ಕಡಬದಲ್ಲಿ ದುಬೈ, ಮಸ್ಕತ್, ಕುವೈತಿನಲ್ಲಿ ದುಡಿಯುವವರಿರುವ ಮನೆಗಳು ಬಹಳ. ರಜೆಗೆ ಬರುವಾಗ ಉಡುಗೊರೆಯಾಗಿ ಡ್ರೋನ್ ತರುವ ಆಸೆ ಸಹಜ. ಆದರೆ 2022ರ ಫೆಬ್ರವರಿ 9ರ ಕೇಂದ್ರದ ಅಧಿಸೂಚನೆ ಪೂರ್ಣ ಜೋಡಿಸಿದ ಡ್ರೋನಿನ ಆಮದನ್ನೂ, ಜೋಡಿಸಿಕೊಳ್ಳುವ ಕಿಟ್ಟಿನ ಆಮದನ್ನೂ ನಿಷೇಧಿಸಿದೆ. ವಿನಾಯಿತಿ ಇರುವುದು ರಕ್ಷಣೆ, ಭದ್ರತೆ, ಸಂಶೋಧನೆಗೆ ಮಾತ್ರ. ಬಿಡಿಭಾಗಗಳಿಗೆ ತಡೆಯಿಲ್ಲ. ಅದರ ಮೇಲೆ, ನ್ಯಾನೊಗಿಂತ ದೊಡ್ಡ ಡ್ರೋನ್ ಹಾರಿಸಲು ಆ ಮಾದರಿಗೆ ಇಲ್ಲಿನ ಟೈಪ್ ಸರ್ಟಿಫಿಕೇಟ್ ಇರಬೇಕು.

ವಾರಂಟಿಯ ದೃಷ್ಟಿಯಿಂದಲೂ ಇದು ನಷ್ಟದ ವ್ಯವಹಾರ. ಹೆಚ್ಚಿನ ಕಂಪೆನಿಗಳ ವಾರಂಟಿ ಕೊಂಡ ದೇಶಕ್ಕೋ ಪ್ರದೇಶಕ್ಕೋ ಸೀಮಿತ. ದುರಸ್ತಿಗೆಂದು ಕಳಿಸಿದ ಡ್ರೋನ್ ಮರಳುವಾಗ ಮತ್ತೆ ಆಮದಿನ ನಿಷೇಧಕ್ಕೆ ಸಿಕ್ಕಿಬೀಳುತ್ತದೆ. ಹೀಗಾಗಿ ಊರಿನಲ್ಲಿ ಹಾರಿಸಲು ಬೇಕಾದದ್ದನ್ನು ಊರಿನ ಬಿಲ್ಲಿನೊಂದಿಗೇ ಕೊಳ್ಳಿ. ‘ಬಿಲ್ ಬೇಡವಾದರೆ ಕಡಿಮೆಗೆ ಕೊಡುತ್ತೇವೆ’ ಎನ್ನುವ ಅಂಗಡಿಯಿಂದ ದೂರವಿರಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ದೂರಿನ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಸೇವಾ ಕೇಂದ್ರ. ಫೋನಿನಲ್ಲಿ ಮಾತಾಡಿ ಮುಗಿಸಬೇಡಿ, ಇಮೇಲ್ ಬರೆಯಿರಿ. ಕೊಂಡ ದಿನ, ಸೀರಿಯಲ್ ಸಂಖ್ಯೆ, ಯುಐಎನ್, ಬಿದ್ದ ದಿನ–ಹೊತ್ತು, ಹವೆ, ಎತ್ತರ ಇವಿಷ್ಟನ್ನು ಬರೆದು ಬಿಲ್, ಫೋಟೊ, ಲಾಗ್ ಲಗತ್ತಿಸಿ. ‘ನಿಮ್ಮ ಡ್ರೋನ್ ಸರಿಯಿಲ್ಲ’ ಎಂದರೆ ಯಾರೂ ಕೇಳುವುದಿಲ್ಲ. ‘ಇಷ್ಟನೇ ಸೆಕೆಂಡಿನಲ್ಲಿ, ಕಡ್ಡಿಗಳು ನಡುವಿನಲ್ಲಿರುವಾಗಲೇ ಒಂದನೇ ಮೋಟಾರಿನ ಆದೇಶ ಪೂರ್ಣಕ್ಕೆ ಏರಿದೆ, ಓರೆ ಹತೋಟಿ ತಪ್ಪಿದೆ’ ಎಂದು ಬರೆದರೆ ಆ ಇಮೇಲ್ ಗ್ರಾಹಕ ಸೇವೆಯವರಿಂದ ಎಂಜಿನಿಯರ್ ಮೇಜಿಗೆ ಹೋಗುತ್ತದೆ. ನಿರಾಕರಿಸಿದರೆ ವಾರಂಟಿಯ ಯಾವ ಷರತ್ತಿನ ಅಡಿ, ಯಾವ ದತ್ತಾಂಶದ ಆಧಾರದಲ್ಲಿ ಎಂದು ಬರಹದಲ್ಲಿ ಕೇಳಿ.

ಕಳಿಸುವಾಗ ಬ್ಯಾಟರಿಯ ಬಗ್ಗೆ ಮೊದಲೇ ವಿಚಾರಿಸಿ. ಹಾಳಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ಪೆಟ್ಟಿಗೆಗೆ ಹಾಕುವಾಗ ವಿಡಿಯೊ ಮಾಡಿ, ಸೀರಿಯಲ್ ಸಂಖ್ಯೆ ಅದರಲ್ಲಿ ಕಾಣುವಂತಿರಲಿ.

ಎರಡನೆಯ ಮೆಟ್ಟಿಲು ಮಾರಿದವರು. ಆನ್‌ಲೈನಿನಲ್ಲಿ ಕೊಂಡಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ದೂರು ಬಗೆಹರಿಸಬೇಕು.

ಮೂರನೆಯದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಇಲ್ಲಿ ತೀರ್ಪು ಸಿಗುವುದಿಲ್ಲ, ಆದರೆ ಕಂಪೆನಿಯವರೊಂದಿಗೆ ರಾಜಿಯ ದಾರಿ ತೆರೆಯುತ್ತದೆ.

ಕೊನೆಯದು ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪೆನಿ ಗುರುಗ್ರಾಮದಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕನ್ನು 2019ರ ಕಾಯ್ದೆ ಕೊಟ್ಟಿದೆ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, 5 ಲಕ್ಷದವರೆಗಾದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. ದೂರನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆ ಕೋರಬಹುದು. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ದೋಷ ತಿಳಿಯಲು ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಆಯೋಗವೇ ವಸ್ತುವನ್ನು ಕಳಿಸಬಹುದು. ಬಿದ್ದ ಡ್ರೋನಿನ ಚೂರುಗಳನ್ನು ಎಸೆಯಬೇಡಿ ಎನ್ನುವುದು ಇದಕ್ಕೇ. ದೋಷ ರುಜುವಾತಾದರೆ ದುರಸ್ತಿ, ಬದಲಿ, ಹಣ ವಾಪಸು, ಪರಿಹಾರ ಇವುಗಳಲ್ಲಿ ಸೂಕ್ತವಾದದ್ದನ್ನು ಆಯೋಗ ಆದೇಶಿಸುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ವಾರಂಟಿ ಪತ್ರದಲ್ಲಿ ‘ವಿವಾದವಿದ್ದರೆ ಮಧ್ಯಸ್ಥಿಕೆಗೇ ಹೋಗಬೇಕು’ ಎಂದು ಬರೆದಿದ್ದರೆ ಹೆದರಬೇಕಿಲ್ಲ. ಅಂಥ ಷರತ್ತು ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಇನ್ನೊಂದು, ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ಬಳಸುವವರಿಗೆ ವಿನಾಯಿತಿ ಇದೆ. ಮದುವೆ, ಕಂಬಳದ ಚಿತ್ರೀಕರಣವನ್ನು ಒಬ್ಬರೇ ಮಾಡಿ ಬದುಕುವ ಛಾಯಾಗ್ರಾಹಕರು ದೂರಿನಲ್ಲೇ ಇದನ್ನು ಸ್ಪಷ್ಟವಾಗಿ ಬರೆಯಬೇಕು.

ಕೊಂಡ ದಿನವೇ ಮಾಡಬೇಕಾದದ್ದು

• ಪೆಟ್ಟಿಗೆ ತೆರೆಯುವಾಗಲೇ ವಿಡಿಯೊ. ಬಿಲ್, ಸೀರಿಯಲ್ ಸಂಖ್ಯೆ, ವಾರಂಟಿ ಪತ್ರದ ಫೋಟೊ ನಿಮ್ಮದೇ ಇಮೇಲಿಗೆ.
• ಬ್ಯಾಟರಿ, ರೆಕ್ಕೆ, ಕ್ಯಾಮೆರಾ ಹಿಡಿಕೆಗಳ ವಾರಂಟಿ ಅವಧಿ ಹಲವು ಕಂಪೆನಿಗಳಲ್ಲಿ ಬೇರೆಬೇರೆ. ಓದಿ ಗುರುತು ಹಾಕಿ.
• ಅಪಘಾತ ರಕ್ಷಣೆಯ ಯೋಜನೆ ಇದ್ದರೆ ಅದನ್ನು ಸೇರುವ ಗಡುವು ತಪ್ಪಿಸಬೇಡಿ.
• ಪ್ರತಿ ಹಾರಾಟದ ಬಳಿಕ ಲಾಗ್ ನಕಲು. ಅಸಹಜ ಎಚ್ಚರಿಕೆ ಕಂಡರೆ ಬೀಳುವ ತನಕ ಕಾಯದೆ ಆವತ್ತೇ ಕಂಪೆನಿಗೆ ಇಮೇಲ್.
• ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಡ್ರೋನ್. ಬ್ಯಾಟರಿಯನ್ನು ತುಂಬಿಸಿಯೂ ಇಡಬೇಡಿ, ಬರಿದಾಗಿಯೂ ಇಡಬೇಡಿ. ಅರ್ಧದಷ್ಟು ಸಾಕು.
• ಡ್ರೋನಿನ ಮೈಮೇಲೆ ನಿಮ್ಮ ಫೋನ್ ಸಂಖ್ಯೆಯ ಚೀಟಿ. ತೋಟದಲ್ಲಿ ಅದನ್ನು ಮೊದಲು ಕಾಣುವುದು ಹೆಚ್ಚಾಗಿ ಕೆಲಸಕ್ಕೆ ಬಂದವರೇ.

ತಯಾರಕರು ಲಾಗ್ ನೋಡಿಯೇ ನಿರ್ಧಾರ ಮಾಡುತ್ತಾರೆ. ಆ ಲಾಗ್ ಅವರ ಕೈಗೆ ಸಿಗುವ ಮೊದಲು ಅದರ ಒಂದು ನಕಲು ನಿಮ್ಮಲ್ಲಿರಲಿ. ಇವತ್ತು ನಿಮ್ಮ ಡ್ರೋನ್ ಚೆನ್ನಾಗಿಯೇ ಹಾರುತ್ತಿದ್ದರೂ ಈ ಲೇಖನ ಓದಿ ಮುಗಿಸಿದ ಕೂಡಲೇ ಫೋನ್ ತೆಗೆದು ಕಳೆದ ಹಾರಾಟದ ಕಡತ ಎಲ್ಲಿದೆ ಎಂದು ಹುಡುಕಿ, ಒಂದು ಪ್ರತಿ ತೆಗೆದಿಡಿ. ಐದು ನಿಮಿಷದ ಕೆಲಸ.